987654321: ಅಪವರ್ತನ, ಭಾಜಕಗಳು, ವರ್ಗಗಳ ಮೊತ್ತ, ಮತ್ತು ಲೆಕ್ಕ ಕೈಕೊಡುವ ಜಾಗಗಳು

ಅಂಕಿಗಂಟು
987654321 (ತೊಂಬತ್ತೆಂಟು ಕೋಟಿ ಎಪ್ಪತ್ತಾರು ಲಕ್ಷ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು) ಸಂಖ್ಯೆಯ ಗುಣಗಳನ್ನು ಸಾಧನೆಯ ಸಮೇತ ಒಂದೇ ಕಡೆ ಸೇರಿಸಬೇಕು ಅಂತ ಈ ಎಳೆ ಶುರು ಮಾಡುತ್ತಿದ್ದೇನೆ. ಎಲ್ಲ ಕಡೆ ಸಿಗುವುದು ಬರೀ ಪಟ್ಟಿ: ಇಷ್ಟು ಭಾಜಕ, ಇಷ್ಟು ಮೊತ್ತ, ಮುಗಿಯಿತು. ಅದು ಹೇಗೆ ಬಂತು, ಯಾಕೆ ಹಾಗೆ ಅನ್ನುವುದು ಎಲ್ಲೂ ಇಲ್ಲ. ನನಗೆ ಬೇಕಾಗಿರುವುದು ಇಷ್ಟು. ಪೂರ್ಣ ಅಪವರ್ತನವನ್ನು ಕಾಗದ ಪೆನ್ನಿನಲ್ಲಿ ತೆಗೆಯುವುದು ಹೇಗೆ? ಕೊನೆಗೆ ಉಳಿಯುವ ದೊಡ್ಡ ಅಪವರ್ತನ ನಿಜವಾಗಿ ಅವಿಭಾಜ್ಯವೇ ಎಂದು ತೋರಿಸುವುದು ಹೇಗೆ? 123456789 ಜೊತೆ ಇದಕ್ಕೆ ಏನು ನಂಟು? ಇದರ ವರ್ಗ ಸ್ಪ್ರೆಡ್‌ಶೀಟಿನಲ್ಲಿ 975461057789971000 ಅಂತ ಬರುತ್ತದೆ, ಜಾವಾಸ್ಕ್ರಿಪ್ಟ್‌ನಲ್ಲಿ 975461057789971100 ಅಂತ ಬರುತ್ತದೆ. ಎರಡರಲ್ಲಿ ಯಾವುದು ಸರಿ?

ಶೇಷಲೆಕ್ಕ
ವರ್ಗದ ವಿಚಾರದಲ್ಲಿ ಎರಡೂ ತಪ್ಪು. ಬೆಸ ಸಂಖ್ಯೆಯ ವರ್ಗ ಬೆಸವೇ ಆಗಬೇಕು, 1ರಲ್ಲಿ ಮುಗಿಯುವ ಸಂಖ್ಯೆಯ ವರ್ಗ 1ರಲ್ಲೇ ಮುಗಿಯಬೇಕು. ಸೊನ್ನೆಯಲ್ಲಿ ಮುಗಿದ ಉತ್ತರ ಕಂಡ ಕೂಡಲೇ ತಿರಸ್ಕರಿಸಬಹುದು. ಸರಿ ಉತ್ತರ 975461057789971041. ಕಾರಣವನ್ನು ಪ್ರೋಗ್ರಾಮಿಂಗ್ ಬಲ್ಲವರು ಹೇಳಲಿ, ನಾನು ಅಪವರ್ತನದಿಂದ ಶುರು ಮಾಡುತ್ತೇನೆ.

ಅಂಕಿಗಳ ಮೊತ್ತ 45, ಆದ್ದರಿಂದ 9ರಿಂದ ಭಾಗವಾಗುತ್ತದೆ. ಭಾಗಲಬ್ಧ 109739369. ಇದರ ಅಂಕಿಗಳ ಮೊತ್ತ 47, ಅಂದರೆ 3ರಿಂದ ಮತ್ತೆ ಭಾಗವಾಗುವುದಿಲ್ಲ. 3ರ ಘಾತ ಎರಡಕ್ಕೇ ನಿಂತಿತು.

7, 11, 13 ಮೂರನ್ನೂ ಒಟ್ಟಿಗೆ ನೋಡಲು 1001ರ ಉಪಾಯ (1001 = 7 × 11 × 13) ಬಳಸಿ. ಮೂಲ ಸಂಖ್ಯೆಯನ್ನು ಮೂರು ಮೂರು ಅಂಕಿಗಳಾಗಿ ಕತ್ತರಿಸಿ, ಒಂದು ಕೂಡಿಸಿ ಒಂದು ಕಳೆಯಿರಿ: 987 − 654 + 321 = 654. ಈ 654ನ್ನು 7ರಿಂದ ಭಾಗಿಸಿದರೆ ಶೇಷ 3, 11ರಿಂದ 5, 13ರಿಂದ 4. ಮೂರೂ ಅಪವರ್ತನಗಳಲ್ಲ.

ಮುಂದೆ 17. ಕೊನೆಯ ಅಂಕಿಯನ್ನು ಕಿತ್ತು, ಅದರ ಐದು ಪಟ್ಟನ್ನು ಉಳಿದದ್ದರಿಂದ ಕಳೆಯಬೇಕು, ಹಾಗೇ ಮುಂದುವರಿಸಬೇಕು. 109739369 → 10973936 − 45 = 10973891 → 1097389 − 5 = 1097384 → 109738 − 20 = 109718 → 10971 − 40 = 10931 → 1093 − 5 = 1088 → 108 − 40 = 68. 68 ಅಂದರೆ 17 × 4. ಹಾಗಾದರೆ 17 ಅಪವರ್ತನ, ಭಾಗಲಬ್ಧ 6455257.

ಬಹಳ ಜನ ಎಡವುವುದು ಇಲ್ಲೇ. ಒಂದು ಅಪವರ್ತನ ಸಿಕ್ಕಿದ ತಕ್ಷಣ ಮುಂದಿನ ಅವಿಭಾಜ್ಯಕ್ಕೆ ಜಿಗಿಯುತ್ತಾರೆ. ಹಾಗೆ ಮಾಡಬಾರದು, ಅದೇ 17ನ್ನು ಇನ್ನೊಮ್ಮೆ ಹಾಕಿ ನೋಡಬೇಕು: 6455257 → 645490 → 64549 → 6409 → 595 → 34. ಮತ್ತೆ ಭಾಗವಾಯಿತು! ಭಾಗಲಬ್ಧ 379721. ಮೂರನೇ ಸಲ: 379721 → 37967 → 3761 → 371 → 32. ಆಗುವುದಿಲ್ಲ.

ಆದ್ದರಿಂದ 987654321 = 3² × 17² × 379721. ಇನ್ನು 379721ರ ಕಥೆ ಬಾಕಿ. ಅದರ ವರ್ಗಮೂಲ 616ಕ್ಕಿಂತ ತುಸು ಹೆಚ್ಚು. ನೇರ ಭಾಗಾಕಾರವಾದರೆ 613ರವರೆಗಿನ 112 ಅವಿಭಾಜ್ಯಗಳನ್ನು ನೋಡಬೇಕಾಗುತ್ತದೆ.

ಮೂಲವರ್ಗ
ಶೇಷಲೆಕ್ಕ ಸರ್ ಹೇಳಿದ ದಾರಿ ಸರಿಯಾಗಿದೆ. ಆದರೆ ಈ ಸಂಖ್ಯೆಯ ಬೀಗದ ಕೈ ಬೇರೆ ಕಡೆ ಇದೆ, ಅದನ್ನು ಮೊದಲು ಹಿಡಿದರೆ ಉಳಿದದ್ದೆಲ್ಲ ಸಲೀಸು. ಹತ್ತು ಪಟ್ಟಿನಿಂದ ಒಂದು ಪಟ್ಟು ಕಳೆಯಿರಿ:

9876543210 − 987654321 = 8888888889

ಇದು ಮೂಲ ಸಂಖ್ಯೆಯ 9 ಪಟ್ಟು. ಅದನ್ನೇ ಇನ್ನೊಮ್ಮೆ ಮಾಡಿ:

88888888890 − 8888888889 = 80000000001

ಅಂದರೆ 81 × 987654321 = 8 × 10¹⁰ + 1. ಒಂಬತ್ತು ಅಂಕಿಗಳ ಸಾಲೇ ಮಾಯವಾಗಿ, ಎರಡು ಅಂಕಿ ಮತ್ತು ಸೊನ್ನೆಗಳು ಉಳಿದವು. ಈ ಸಂಖ್ಯೆಯ ಬಗ್ಗೆ ಒಂದೇ ಒಂದು ಸೂತ್ರ ನೆನಪಿಡುವುದಾದರೆ ಇದನ್ನೇ ಇಡಿ ಎನ್ನುತ್ತೇನೆ.

ಇದರ ಮೊದಲ ಪ್ರಯೋಜನ: 3 ಬಿಟ್ಟು ಬೇರೆ ಯಾವುದೇ ಅವಿಭಾಜ್ಯವನ್ನು ಪರೀಕ್ಷಿಸಲು 8 × 10¹⁰ + 1 ಭಾಗವಾಗುತ್ತದೆಯೇ ಎಂದು ನೋಡಿದರೆ ಸಾಕು. 17ಕ್ಕೆ: 100ರ ಶೇಷ −2, ಆದ್ದರಿಂದ 10¹⁰ರ ಶೇಷ (−2)⁵ = −32, ಅಂದರೆ 2. 8 × 2 + 1 = 17. ಮುಗಿಯಿತು. 17²ಗೂ, ಅಂದರೆ 289ಕ್ಕೂ, ಹೀಗೇ: 10⁴ರ ಶೇಷ 174, 10⁸ರದ್ದು 220, 10¹⁰ರದ್ದು 36. 8 × 36 + 1 = 289. 17 ಎರಡು ಸಲ ಯಾಕೆ ಬಂತು ಅನ್ನುವುದಕ್ಕೆ ಇದಕ್ಕಿಂತ ಚಿಕ್ಕ ಸಾಧನೆ ಸಿಗಲಾರದು.

ಎರಡನೇ ಪ್ರಯೋಜನ ಇನ್ನೂ ದೊಡ್ಡದು. 8 × 10¹⁰ ಅಂದರೆ 2 × 200000². ಹಾಗಾಗಿ 81 × 987654321 = 2 × 200000² + 1. ಯಾವ ಅವಿಭಾಜ್ಯ ಇದನ್ನು ಭಾಗಿಸುತ್ತದೋ ಆ ಅವಿಭಾಜ್ಯಕ್ಕೆ −2 ವರ್ಗಶೇಷ (ಯಾವುದೋ ಒಂದು ವರ್ಗದ ಶೇಷ) ಆಗಲೇಬೇಕು. ಅದು ಸಾಧ್ಯವಾಗುವುದು 8ರಿಂದ ಭಾಗಿಸಿದಾಗ 1 ಅಥವಾ 3 ಶೇಷ ಉಳಿಸುವ ಅವಿಭಾಜ್ಯಗಳಿಗೆ ಮಾತ್ರ. ಅಂದರೆ 5, 7, 13, 23, 29, 31, 37, 47 ಇವನ್ನೆಲ್ಲ ಮುಟ್ಟುವ ಅಗತ್ಯವೇ ಇಲ್ಲ. ನೋಡಬೇಕಾದವು 3, 11, 17, 19, 41, 43, 59, 67, 73 ಹೀಗೆ. ಕೆಲಸ ಹತ್ತಿರ ಹತ್ತಿರ ಅರ್ಧಕ್ಕಿಳಿಯಿತು. ಸಿಕ್ಕಿರುವ ಅಪವರ್ತನಗಳೂ ಇದಕ್ಕೆ ಒಪ್ಪುತ್ತವೆ: 3ಕ್ಕೆ ಶೇಷ 3, 17ಕ್ಕೆ 1, 379721ಕ್ಕೆ 1.

ಎರಡು ಮಾದರಿ ಲೆಕ್ಕ. 41ಕ್ಕೆ 10⁵ರ ಶೇಷ 1, ಆದ್ದರಿಂದ 8 + 1 = 9, ಭಾಗವಾಗುವುದಿಲ್ಲ. 73ಕ್ಕೆ 10⁴ರ ಶೇಷ −1 (10001 = 73 × 137), ಆದ್ದರಿಂದ 10¹⁰ರ ಶೇಷವೂ 100ರ ಶೇಷವೂ ಒಂದೇ, 27. 8 × 27 + 1 = 217, ಶೇಷ 71, ಭಾಗವಾಗುವುದಿಲ್ಲ. ಒಂದೊಂದಕ್ಕೆ ಅರ್ಧ ನಿಮಿಷ ಸಾಕು.

ಬೆಸಸಮ
379721 ಅವಿಭಾಜ್ಯ ಎಂದು ತೋರಿಸಲು ಆಯ್ಲರ್ ಬಳಸುತ್ತಿದ್ದ ಇನ್ನೊಂದು ದಾರಿ ಇದೆ, ಭಾಗಾಕಾರವೇ ಬೇಡ. ನಿಯಮ ಹೀಗೆ: 1ಕ್ಕಿಂತ ದೊಡ್ಡದಾದ ಒಂದು ಬೆಸ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಒಂದೇ ಒಂದು ರೀತಿಯಲ್ಲಿ ಬರೆಯಲು ಬಂದು, ಆ ಎರಡು ಸಂಖ್ಯೆಗಳಿಗೆ 1ಕ್ಕಿಂತ ದೊಡ್ಡ ಸಾಮಾನ್ಯ ಅಪವರ್ತನ ಇಲ್ಲದಿದ್ದರೆ ಅದು ಅವಿಭಾಜ್ಯ.

ಎರಡನೇ ಷರತ್ತನ್ನು ಬಿಟ್ಟುಬಿಡುವವರು ಬಹಳ. 45 ನೋಡಿ: 6² + 3², ಬೇರೆ ರೀತಿ ಇಲ್ಲ. ಆದರೂ 45 ಅವಿಭಾಜ್ಯವಲ್ಲ, ಯಾಕೆಂದರೆ 6ಕ್ಕೂ 3ಕ್ಕೂ 3 ಸಾಮಾನ್ಯ. ಸೊನ್ನೆಯ ವರ್ಗವನ್ನೂ ಲೆಕ್ಕಕ್ಕೆ ಹಿಡಿಯಬೇಕು; ಇಲ್ಲದಿದ್ದರೆ 25 = 4² + 3² ಅನ್ನುವುದನ್ನು ನೋಡಿ 25 ಅವಿಭಾಜ್ಯ ಅಂದುಬಿಡುತ್ತೀರಿ. 5² + 0² ಎರಡನೇ ರೀತಿ.

ಈಗ 379721. ಬೆಸ ಪದ, ಸಮ ಪದ ಒಂದೊಂದು ಇರಬೇಕು. ಶೇಷಗಳಿಂದ ಜರಡಿ ಹಿಡಿಯೋಣ.

16ರಿಂದ ಭಾಗಿಸಿದರೆ ಶೇಷ 9, ಹಾಗೂ 8ರಿಂದ ಶೇಷ 1. ಆದ್ದರಿಂದ ಸಮ ಪದ 4ರ ಅಪವರ್ತ್ಯ, ಬೆಸ ಪದ 8ರಿಂದ ಭಾಗಿಸಿದಾಗ 3 ಅಥವಾ 5 ಶೇಷ ಕೊಡುವಂಥದ್ದು. 3ರಿಂದ ಶೇಷ 2, ಅಂದರೆ ಯಾವ ಪದವೂ 3ರ ಅಪವರ್ತ್ಯ ಆಗಕೂಡದು. 5ರಿಂದ ಶೇಷ 1. ವರ್ಗಗಳ ಶೇಷ 0, 1, 4 ಮಾತ್ರ ಇರುವುದರಿಂದ ಒಂದು ಪದ 5ರ ಅಪವರ್ತ್ಯ ಆಗಲೇಬೇಕು. 7ರಿಂದ ಶೇಷ 6. ಅದು 2 + 4 ಎಂದು ಮಾತ್ರ ಒಡೆಯುತ್ತದೆ, ಹಾಗಾಗಿ ಎರಡೂ ಪದಗಳ ಶೇಷ 2, 3, 4, 5ರಲ್ಲಿ ಒಂದಾಗಿರಬೇಕು.

ಸಮ ಪದ 5ರ ಅಪವರ್ತ್ಯವಾದರೆ ಅದು 20ರ ಅಪವರ್ತ್ಯ. ಜರಡಿಯಲ್ಲಿ ಉಳಿಯುವವು: 40, 80, 100, 200, 220, 320, 340, 380, 460, 500, 520. ಬೆಸ ಪದ 5ರ ಅಪವರ್ತ್ಯವಾದರೆ ಉಳಿಯುವವು: 5, 115, 205, 235, 275, 325, 355, 395, 445, 485, 515, 565, 605. ಒಟ್ಟು 24. 112 ಭಾಗಾಕಾರದ ಬದಲು 24 ವರ್ಗ ಪರೀಕ್ಷೆ!

80 ಹಾಕಿದರೆ 379721 − 6400 = 373321 = 611². ಸಿಕ್ಕಿತು. ಉಳಿದ 23ರಲ್ಲಿ ಒಂದೂ ಪೂರ್ಣವರ್ಗ ಕೊಡುವುದಿಲ್ಲ. ಹತ್ತಿರ ಬಂದು ಮೋಸ ಮಾಡುವವನ್ನು ಹೇಳಿಬಿಡುತ್ತೇನೆ: 605 ಹಾಕಿದರೆ 13696 ಉಳಿಯುತ್ತದೆ, 117² = 13689, ಏಳರಿಂದ ತಪ್ಪಿತು. 565 ಹಾಕಿದರೆ 60496, 246² = 60516. 460 ಹಾಕಿದರೆ 168121, 410² = 168100. ಕ್ಯಾಲ್ಕುಲೇಟರ್ ತೋರಿಸುವ ವರ್ಗಮೂಲವನ್ನು ದುಂಡಗೆ ಮಾಡಿ ಓದಿದರೆ ಇಂಥ ಕಡೆ ಮೋಸ ಹೋಗುವುದು ಖಂಡಿತ. ಪೂರ್ಣಾಂಕವನ್ನು ಮತ್ತೆ ವರ್ಗ ಮಾಡಿ ತಾಳೆ ನೋಡಲೇಬೇಕು.

611 = 13 × 47, 80 = 2⁴ × 5; ಸಾಮಾನ್ಯ ಅಪವರ್ತನ ಇಲ್ಲ. ಆದ್ದರಿಂದ 379721 ಅವಿಭಾಜ್ಯ.

ಅಂಕಿಗಂಟು
ಬೆಸಸಮ ಅವರೇ, ಇದು ತುಂಬಾ ಚೆನ್ನಾಗಿದೆ. ಆದರೆ ಇನ್ನೊಬ್ಬರು ಪರಿಶೀಲಿಸಬೇಕೆಂದರೆ 24ನ್ನೂ ಮತ್ತೆ ಮಾಡಬೇಕು. ಒಂದೆರಡು ಸಾಲಿನ ಪ್ರಮಾಣಪತ್ರದ ಹಾಗೆ ಕೊಡಲು ಸಾಧ್ಯವೇ?

ಶೇಷಲೆಕ್ಕ
ಸಾಧ್ಯ. 1914ರಲ್ಲಿ ಗಣಿತಜ್ಞ ಪಾಕ್ಲಿಂಗ್ಟನ್ ಕೊಟ್ಟ ವಿಧಾನ ಇಲ್ಲಿಗೆ ಅಳತೆ ಮಾಡಿ ಹೊಲಿದಂತೆ ಕೂರುತ್ತದೆ. ಒಂದು ಕಡಿಮೆ ಮಾಡಿ ಒಡೆಯಿರಿ: 379720 = 440 × 863. 863 ಅವಿಭಾಜ್ಯ (29ರವರೆಗೆ ನೋಡಿದರೆ ಸಾಕು). ಅದು 616ಕ್ಕಿಂತ ದೊಡ್ಡದು ಅನ್ನುವುದೇ ನಮ್ಮ ಅದೃಷ್ಟ.

379721ರಿಂದ ಭಾಗಿಸಿದ ಶೇಷಗಳು ಹೀಗೆ ಬರುತ್ತವೆ:
2²⁰ → 289134
2⁴⁰ → 233759
2⁵⁵ → 82900
2¹¹⁰ → 219342
2²²⁰ → 262264
2⁴⁴⁰ → 123477

123477ರಿಂದ 1 ಕಳೆದರೆ 123476; ಅದರ ಮತ್ತು 379721ರ ಮಹತ್ತಮ ಸಾಮಾನ್ಯ ಅಪವರ್ತನ (ಮ.ಸಾ.ಅ.) 1. ಆಮೇಲೆ 123477ನ್ನು 863ನೇ ಘಾತಕ್ಕೇರಿಸಿದರೆ ಶೇಷ 1. (863 = 512 + 256 + 64 + 16 + 8 + 4 + 2 + 1, ಒಂಬತ್ತು ವರ್ಗ, ಏಳು ಗುಣಾಕಾರ.)

ಇಷ್ಟರಿಂದ ಸಾಧನೆ ಹೇಗೆ? 379721ಕ್ಕೆ ಒಂದು ಅವಿಭಾಜ್ಯ ಅಪವರ್ತನ ಇದೆ ಅಂದುಕೊಳ್ಳಿ. ಆ ಅಪವರ್ತನದ ಮಟ್ಟಿಗೆ 2⁴⁴⁰ರ ಶೇಷ 1 ಅಲ್ಲ, ಆದರೆ ಅದರ 863ನೇ ಘಾತದ ಶೇಷ 1. 863 ಅವಿಭಾಜ್ಯವಾದ್ದರಿಂದ ಆವರ್ತ (ಶೇಷ 1 ಬರುವ ಅತಿ ಚಿಕ್ಕ ಘಾತ) ಸರಿಯಾಗಿ 863 ಆಗಬೇಕು. ಫರ್ಮಾನ ಪ್ರಮೇಯದಂತೆ ಆವರ್ತವು 'ಅಪವರ್ತನ ಕಳೆ 1' ಅನ್ನು ಭಾಗಿಸಬೇಕು. ಹಾಗಾದರೆ ಯಾವ ಅವಿಭಾಜ್ಯ ಅಪವರ್ತನವೂ 863ಕ್ಕಿಂತ ದೊಡ್ಡದೇ. ಆದರೆ ಭಾಜ್ಯ ಸಂಖ್ಯೆಯಾಗಿದ್ದರೆ 616ರೊಳಗೆ ಒಂದು ಅಪವರ್ತನ ಇರಲೇಬೇಕಿತ್ತು. ಇಲ್ಲ, ಆದ್ದರಿಂದ ಅವಿಭಾಜ್ಯ.

ಮ.ಸಾ.ಅ. ಹೆಜ್ಜೆ ಬಿಡಬೇಡಿ. ಬರೀ '2ರ ಘಾತದ ಶೇಷ 1 ಬಂತು' ಅನ್ನುವುದು ಅವಿಭಾಜ್ಯತೆಗೆ ಪುರಾವೆಯಲ್ಲ; 341 = 11 × 31 ಕೂಡ ಆ ಪರೀಕ್ಷೆಯಲ್ಲಿ ಪಾಸಾಗುತ್ತದೆ.

ಬಿಟ್‌ಬೈಟ್
ವರ್ಗದ ಪ್ರಶ್ನೆಗೆ ಉತ್ತರ. ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆ 64 ಬಿಟ್‌ನ ಡಬಲ್ (ದಶಮಾಂಶ ಸಂಖ್ಯೆಗಳನ್ನೂ ಇಡುವ ರೂಪ). ಅದು ಪೂರ್ಣಾಂಕಗಳನ್ನು ಒಂದೂ ಬಿಡದೆ ಹಿಡಿಯುವುದು 2⁵³, ಅಂದರೆ 9007199254740992ರವರೆಗೆ ಮಾತ್ರ. ನಮ್ಮ ವರ್ಗ 2⁵⁹ ಮತ್ತು 2⁶⁰ರ ನಡುವೆ ಬೀಳುತ್ತದೆ. ಅಲ್ಲಿ ಡಬಲ್‌ಗೆ ಸಿಗುವುದು 128ರ ಅಪವರ್ತ್ಯಗಳು ಮಾತ್ರ. 975461057789971041ನ್ನು 128ರಿಂದ ಭಾಗಿಸಿದರೆ ಶೇಷ 97, ಅರ್ಧಕ್ಕಿಂತ ಹೆಚ್ಚು, ಆದ್ದರಿಂದ ಮೇಲಕ್ಕೆ ಹೋಗಿ 975461057789971072 ಆಗಿ ಕೂರುತ್ತದೆ. ತೋರಿಸುವಾಗ ಆ ಮೌಲ್ಯವನ್ನು ಗುರುತಿಸಲು ಬೇಕಾದಷ್ಟು ಅಂಕಿಗಳನ್ನಷ್ಟೇ ಕೊಡುವುದರಿಂದ ...971100 ಕಾಣುತ್ತದೆ. ಎಕ್ಸೆಲ್ 15 ಅಂಕಿಗಳಿಗೆ ನಿಲ್ಲಿಸಿ ಉಳಿದದ್ದಕ್ಕೆ ಸೊನ್ನೆ ತುಂಬುತ್ತದೆ, ಹಾಗಾಗಿ ...971000.

ಪೈಥಾನ್‌ನ ಪೂರ್ಣಾಂಕದಲ್ಲಿ ಈ ತೊಂದರೆ ಇಲ್ಲ. ಜಾವಾಸ್ಕ್ರಿಪ್ಟ್‌ನಲ್ಲಿ ಬಿಗ್‌ಇಂಟ್ ಬಳಸಿ. ಸಿ ಅಥವಾ ಜಾವಾದಲ್ಲಿ 64 ಬಿಟ್ ಪೂರ್ಣಾಂಕ ಸಾಕು, ಯಾಕೆಂದರೆ ವರ್ಗ ಸುಮಾರು 9.75 × 10¹⁷, ಮಿತಿ ಸುಮಾರು 9.22 × 10¹⁸.

32 ಬಿಟ್‌ನಲ್ಲಿ ಮೂಲ ಸಂಖ್ಯೆ ಹಿಡಿಸುತ್ತದೆ (ಮಿತಿ 2147483647), ಎರಡು ಪಟ್ಟು 1975308642 ಕೂಡ ಹಿಡಿಸುತ್ತದೆ, ಮೂರು ಪಟ್ಟು ಹಿಡಿಸುವುದಿಲ್ಲ. ಜಾವಾದ ಇಂಟ್‌ನಲ್ಲಿ 2962962963 ಬದಲು −1332004333 ಬರುತ್ತದೆ. ಶೇಷಲೆಕ್ಕ ಸರ್ ಕೊಟ್ಟ ಘಾತದ ಲೆಕ್ಕದಲ್ಲೂ ಎಚ್ಚರ: ಶೇಷ ಲಕ್ಷಗಳಲ್ಲೇ ಇದ್ದರೂ, ಅದನ್ನು ವರ್ಗ ಮಾಡಿದ ಕ್ಷಣ 14 ಸಾವಿರ ಕೋಟಿ ದಾಟಬಹುದು. 32 ಬಿಟ್‌ನಲ್ಲಿ ಸದ್ದಿಲ್ಲದೆ ತಪ್ಪುತ್ತದೆ. ಗುಣಿಸುವ ಮೊದಲೇ 64 ಬಿಟ್‌ಗೆ ಬದಲಿಸಿ. ಗುಣಿಸಿದ ಮೇಲೆ ಬದಲಿಸಿ ಪ್ರಯೋಜನವಿಲ್ಲ.

ದ್ವಿಮಾನ ರೂಪ: 11 1010 1101 1110 0110 1000 1011 0001. ಒಟ್ಟು 30 ಬಿಟ್, ಅದರಲ್ಲಿ 17 ಒಂದುಗಳು. 17 ಅಪವರ್ತನವೂ ಹೌದಲ್ಲ ಅಂತ ಯಾರಾದರೂ ನಂಟು ಹುಡುಕುವ ಮೊದಲೇ ಹೇಳುತ್ತೇನೆ, ಅದು ಕಾಕತಾಳೀಯ.

ಶೇಷಲೆಕ್ಕ
ಭಾಜಕಗಳ ಲೆಕ್ಕ ಹಾಕಿಬಿಡೋಣ. ಘಾತಗಳು 2, 2, 1. ಒಂದೊಂದಕ್ಕೂ 1 ಕೂಡಿಸಿ ಗುಣಿಸಿದರೆ 3 × 3 × 2 = 18. ಎರಡನೇ 17ನ್ನು ಮರೆತವರಿಗೆ 12 ಬರುತ್ತದೆ.

ಚಿಕ್ಕ ಒಂಬತ್ತು: 1, 3, 9, 17, 51, 153, 289, 867, 2601.
ದೊಡ್ಡ ಒಂಬತ್ತು: 379721, 1139163, 3417489, 6455257, 19365771, 58097313, 109739369, 329218107, 987654321.

2601ರಿಂದ 379721ರವರೆಗೆ ನಡುವೆ ಒಂದೂ ಇಲ್ಲ. ಈ ಖಾಲಿ ಜಾಗ ಗಮನಿಸಿ, ಅದರಿಂದಲೇ ಒಂದು ವಿಧಾನ ಪೂರ್ತಿ ಸೋಲುತ್ತದೆ. ಫರ್ಮಾನ ವರ್ಗವ್ಯತ್ಯಾಸದ ವಿಧಾನದಲ್ಲಿ (ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆದು ಒಡೆಯುವುದು) ವರ್ಗಮೂಲದ ಮೇಲಿನ ಪೂರ್ಣಾಂಕದಿಂದ ಶುರು ಮಾಡುತ್ತೇವೆ. ಇಲ್ಲಿ 31427² = 987656329, ನಮ್ಮ ಸಂಖ್ಯೆಗಿಂತ ಬರೀ 2008 ಹೆಚ್ಚು. ಇಷ್ಟು ಹತ್ತಿರ ಇರುವುದರಿಂದ ಬೇಗ ಸಿಗುತ್ತದೆ ಅನಿಸುತ್ತದೆ. ಆದರೆ 2008 ಪೂರ್ಣವರ್ಗವಲ್ಲ, ಮತ್ತು ಮೊದಲ ಉತ್ತರ ಸಿಗುವುದು 191161² − 188560²ಕ್ಕೆ ಬಂದಾಗ. ಅಂದರೆ 159735 ಸಲ ಪರೀಕ್ಷಿಸಬೇಕು. ಆ ವಿಧಾನ ಒಳ್ಳೆಯದು ಎರಡು ಅಪವರ್ತನಗಳು ವರ್ಗಮೂಲದ ಆಚೀಚೆ ಹತ್ತಿರ ಇದ್ದಾಗ ಮಾತ್ರ. ಮೊದಲು ಚಿಕ್ಕ ಅವಿಭಾಜ್ಯಗಳನ್ನು ತೆಗೆದುಹಾಕದೆ ಅದಕ್ಕೆ ಕೈ ಹಾಕಬಾರದು.

ಎಲ್ಲ ಭಾಜಕಗಳ ಮೊತ್ತ: (1 + 3 + 9) × (1 + 17 + 289) × (1 + 379721) = 13 × 307 × 379722 = 1515470502. ಸಂಖ್ಯೆಯನ್ನೇ ಕಳೆದರೆ 527816181 ಉಳಿಯುತ್ತದೆ, ಅದು ಮೂಲಕ್ಕಿಂತ ಚಿಕ್ಕದು. ಆದ್ದರಿಂದ ಇದು ಊನ ಸಂಖ್ಯೆ. 289ಕ್ಕೆ 18 × 18 = 324 ಅಂತ ಹಾಕುವುದು ತಪ್ಪು, 307 ಆಗಬೇಕು.

ಇದಕ್ಕಿಂತ ಚಿಕ್ಕದಾಗಿದ್ದು ಇದರ ಜೊತೆ ಸಹ-ಅವಿಭಾಜ್ಯವಾಗಿರುವ ಸಂಖ್ಯೆಗಳ ಎಣಿಕೆ (ಆಯ್ಲರ್ ಫೈ): 6 × 272 × 379720 = 619703040. ಇಲ್ಲೂ 16 × 16 = 256 ಹಾಕಬೇಡಿ; 17 × 16 = 272.

ಮೂಲವರ್ಗ
123456789ರ ನಂಟು ಬಾಕಿ ಉಳಿದಿತ್ತು. 123456789 × 8 + 9 = 987654321. ಈ ಒಂದು ಸಾಲಿನಿಂದಲೇ ಎರಡರ ಮ.ಸಾ.ಅ. ಸಿಗುತ್ತದೆ: ಎರಡನ್ನೂ ಭಾಗಿಸುವುದು 9ನ್ನೂ ಭಾಗಿಸಬೇಕು, ಎರಡೂ 9ರಿಂದ ಭಾಗವಾಗುತ್ತವೆ, ಆದ್ದರಿಂದ ಮ.ಸಾ.ಅ. 9. ಉಳಿದ ಅಪವರ್ತನಗಳು ಒಂದಕ್ಕೊಂದು ಸಂಬಂಧವೇ ಇಲ್ಲ: 123456789 = 3² × 3607 × 3803.

ಒಂದನ್ನು ಇನ್ನೊಂದರಿಂದ ಭಾಗಿಸಿದರೆ 8.0000000729... ಬರುತ್ತದೆ. ಎಂಟಂಕಿಯ ಕ್ಯಾಲ್ಕುಲೇಟರಿನಲ್ಲಿ ಬರೀ 8 ಕಾಣುತ್ತದೆ, ಅದನ್ನೇ ನಂಬಿ 'ಸರಿಯಾಗಿ ಎಂಟು ಪಟ್ಟು' ಎಂದು ಹಂಚುವುದನ್ನು ನಿಲ್ಲಿಸಬೇಕು. ಬೆಸ ಸಂಖ್ಯೆ ಯಾವುದರ ಎಂಟು ಪಟ್ಟೂ ಆಗಲಾರದು. ಇಲ್ಲಿ ಕಾಣುವ 729 ಮಾತ್ರ ಆಕಸ್ಮಿಕವಲ್ಲ. 81 × 123456789 = 9999999909; ಹಾಗಾಗಿ 9ನ್ನು 123456789ರಿಂದ ಭಾಗಿಸುವುದೆಂದರೆ 729ನ್ನು ಹೆಚ್ಚುಕಡಿಮೆ 10¹⁰ರಿಂದ ಭಾಗಿಸುವುದು.

ಇನ್ನೊಂದು ಗೊಂದಲ: 80ನ್ನು 81ರಿಂದ ಭಾಗಿಸಿದರೆ 0.987654320987654320... ಬರುತ್ತದೆ. ಪುನರಾವರ್ತಿಸುವುದು 987654320, ನಮ್ಮ ಸಂಖ್ಯೆಗಿಂತ ಒಂದು ಕಡಿಮೆ. ಕಾರಣ ಮೇಲಿನ ಸೂತ್ರದಲ್ಲೇ ಇದೆ, 8 × 10¹⁰ರ ಪಕ್ಕದ ಆ +1.

ಬೆಸಸಮ
ನನ್ನ ಮಟ್ಟಿಗೆ ಅಂಕಿಗಳ ಚಮತ್ಕಾರಕ್ಕಿಂತ ಇದು ಮುಖ್ಯ: 987654321ನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದೇ? 4ರಿಂದ ಭಾಗಿಸಿದಾಗ 3 ಶೇಷ ಉಳಿಸುವ ಅವಿಭಾಜ್ಯಗಳ ಘಾತ ಸಮವಾಗಿದ್ದರೆ ಬರೆಯಬಹುದು. ಇಲ್ಲಿ ಅಂಥದ್ದು 3 ಒಂದೇ, ಘಾತ 2. ಆದ್ದರಿಂದ ಬರುತ್ತದೆ, ಮತ್ತು ಎರಡೂ ಪದಗಳು 3ರ ಅಪವರ್ತ್ಯ ಆಗಲೇಬೇಕು.

ಬ್ರಹ್ಮಗುಪ್ತನ ನಿತ್ಯಸಮೀಕರಣ: (ಅ² + ಆ²)(ಕ² + ಖ²) = (ಅಕ − ಆಖ)² + (ಅಖ + ಆಕ)². ಚಿಹ್ನೆ ಬದಲಿಸಿದರೆ ಎರಡನೇ ರೂಪ: (ಅಕ + ಆಖ)² + (ಅಖ − ಆಕ)².

ನಮ್ಮ ಕೈಲಿರುವುದು: 289 = 15² + 8² = 17² + 0², 379721 = 611² + 80².

ಮೊದಲು 17² + 0² ಹಿಡಿದರೆ 611 ಮತ್ತು 80ನ್ನು 51ರಿಂದ ಗುಣಿಸುವುದಷ್ಟೇ: 31161² + 4080².
15, 8 ಹಿಡಿದು ಮೊದಲ ರೂಪದಲ್ಲಿ: 9165 − 640 = 8525, 1200 + 4888 = 6088; ಮೂರು ಪಟ್ಟು ಮಾಡಿದರೆ 25575² + 18264².
ಎರಡನೇ ರೂಪದಲ್ಲಿ: 9165 + 640 = 9805, 4888 − 1200 = 3688; ಮೂರು ಪಟ್ಟು: 29415² + 11064².

ತಾಳೆ: 971007921 + 16646400, 654080625 + 333573696, 865242225 + 122412096. ಮೂರೂ ಸರಿಯಾಗಿ 987654321. ನಾಲ್ಕನೆಯದು ಇಲ್ಲ; ಘಾತಗಳಿಂದ ಬರುವ ಎಣಿಕೆ (2 + 1)(1 + 1) ÷ 2 = 3. ಮೂರು ಪಟ್ಟು ಮಾಡುವುದನ್ನು ಮರೆತರೆ 109739369 ಸಿಗುತ್ತದೆ, ಅದೂ ಒಳ್ಳೆಯ ತಪಾಸಣೆಯೇ.

ಬಿಟ್‌ಬೈಟ್
1ರಿಂದ 9ರವರೆಗಿನ ಅಂಕಿಗಳನ್ನು ಒಂದೊಂದು ಸಲ ಬಳಸಿ ಬರೆಯುವ 362880 ಸಂಖ್ಯೆಗಳಲ್ಲಿ ಅತಿ ದೊಡ್ಡದು ಇದು. ಎಲ್ಲವೂ 9ರಿಂದ ಭಾಗವಾಗುವುದರಿಂದ ಆ ಗುಂಪಿನಲ್ಲಿ ಅವಿಭಾಜ್ಯ ಹುಡುಕುವ ಪ್ರೋಗ್ರಾಂ ಓಡಿಸುವುದು ವ್ಯರ್ಥ. 1ರಿಂದ 8ರವರೆಗೂ ಅದೇ ಗತಿ, ಮೊತ್ತ 36. 7ಕ್ಕೆ ಇಳಿದರೆ ಮೊತ್ತ 28, ಅಲ್ಲಿ ಅವಿಭಾಜ್ಯಗಳಿವೆ; ದೊಡ್ಡದು 7652413. ವರ್ಗಗಳು ಮಾತ್ರ ಒಂಬತ್ತಂಕಿಯಲ್ಲೂ ಇವೆ: ಚಿಕ್ಕದು 11826² = 139854276, ದೊಡ್ಡದು 30384² = 923187456.

ಅಂಕಿಗಂಟು
ಒಂದು ಕೊನೆಯ ಪ್ರಶ್ನೆ. 81 × 987654321 = 8 × 10¹⁰ + 1 ಅನ್ನುವುದು ಹತ್ತರ ಆಧಾರದ (ಹತ್ತು ಅಂಕಿಗಳಿಂದ ಸಂಖ್ಯೆ ಬರೆಯುವ ಪದ್ಧತಿಯ) ವಿಶೇಷವೇ, ಅಥವಾ ಬೇರೆ ಆಧಾರಗಳಲ್ಲೂ ಇದೆಯೇ?

ಮೂಲವರ್ಗ
ಎಲ್ಲ ಆಧಾರಗಳಲ್ಲೂ ಇದೆ. ಇಳಿಯುವ ಅಂಕಿಗಳ ಸಂಖ್ಯೆ ಸಿಗುವ ಬಗೆಯನ್ನು⁠ ಮಾತಿನಲ್ಲೇ ಹೇಳುತ್ತೇನೆ: ಆಧಾರವನ್ನು ಅದರದೇ ಘಾತಕ್ಕೇರಿಸಿ, ಆಧಾರಕ್ಕಿಂತ ಎರಡು ಕಡಿಮೆ ಇರುವ ಸಂಖ್ಯೆಯಿಂದ ಗುಣಿಸಿ, ಒಂದು ಕೂಡಿಸಿ. ಅದನ್ನು ಆಧಾರಕ್ಕಿಂತ ಒಂದು ಕಡಿಮೆ ಇರುವ ಸಂಖ್ಯೆಯ ವರ್ಗದಿಂದ ಭಾಗಿಸಿ. ಸಾಧನೆಯೂ ಅದೇ, ಎರಡು ಸಲ ಜರುಗಿಸಿ ಕಳೆಯುವುದು.

ಆಧಾರ 4ರಲ್ಲಿ 321 ಅಂದರೆ 57: 9 × 57 = 513 = 2 × 4⁴ + 1. ಆಧಾರ 5ರಲ್ಲಿ 4321 ಅಂದರೆ 586: 16 × 586 = 9376 = 3 × 5⁵ + 1. ಆಧಾರ 8ರಲ್ಲಿ 7654321 ಅಂದರೆ 2054353: 49 × 2054353 = 100663297 = 6 × 8⁸ + 1. ಆಧಾರ 12ರಲ್ಲಿ ಬರುವುದು 736867805641.

ಆದರೆ ಅಂಕಿಮೊತ್ತದ ನಿಯಮ ಹಾಗೇ ದಾಟಿ ಬರುವುದಿಲ್ಲ. ಆಧಾರ ಸಮವಾಗಿದ್ದರೆ ಮಾತ್ರ ಸಂಖ್ಯೆ 'ಆಧಾರ ಕಳೆ 1'ರಿಂದ ಭಾಗವಾಗುತ್ತದೆ. 586 ನೋಡಿ, 4ರಿಂದ ಭಾಗವಾಗುವುದಿಲ್ಲ, ಶೇಷ 2.

ಆಧಾರ 6 ನನಗೆ ಎಲ್ಲಕ್ಕಿಂತ ಇಷ್ಟ. ಅಲ್ಲಿ 54321 ಅಂದರೆ 7465, ಮತ್ತು 25 × 7465 = 4 × 6⁶ + 1 = 432² + 1. ವರ್ಗಕ್ಕೆ ಒಂದು ಕೂಡಿಸಿದ ರೂಪ! ಆದ್ದರಿಂದ ಅಪವರ್ತನಗಳೆಲ್ಲ 4ರಿಂದ ಭಾಗಿಸಿದಾಗ 1 ಶೇಷ ಕೊಡಲೇಬೇಕು: 7465 = 5 × 1493. ಬೆಸಸಮ ಅವರ ವಿಧಾನಕ್ಕೆ 1493 ಒಳ್ಳೆಯ ಅಭ್ಯಾಸ. 38² + 7², ಬೇರೆ ರೀತಿ ಇಲ್ಲ ಎಂದು ತೋರಿಸಬೇಕು. ಇದೇ ರೂಪ ಮುಂದೆ ಸಿಗುವ ಸಮ ಆಧಾರ 18, ಅಲ್ಲಿ ಆಧಾರಕ್ಕಿಂತ ಎರಡು ಕಡಿಮೆ ಅಂದರೆ 16, ಅದೂ ಪೂರ್ಣವರ್ಗ.